ವೈದ್ಯರ ಮಾತು, ಮನೆಯ ಮಾತು: ದೇಹದ ಹೆಸರುಗಳ ಒಂದು ಪರಿಚಯ

ಊರಿನಿಂದ ಮಗನ ಮನೆಗೆ ಬಂದಿರುವ ವೃದ್ಧ ತಾಯಿಯೊಬ್ಬಳು ಪುಣೆಯ ಯಾವುದೋ ಒಂದು ಬಡಾವಣೆಯ ದವಾಖಾನೆಯಲ್ಲಿ ಕುಳಿತಿರುವುದನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮಗ ಕಾರಖಾನೆಗೆ ಹೋಗಿದ್ದಾನೆ, ಸೊಸೆಗೆ ಬ್ಯಾಂಕಿನ ಕೆಲಸ. ಆಕೆಯ ಜೊತೆಗೆ ಬಂದಿರುವವನು ಆರನೆಯ ತರಗತಿಯ ಮೊಮ್ಮಗ. "ಎರಡು ದಿನದಿಂದ ಪಿತ್ತ ಆಗೇದ, ಡಾಕ್ಟರಿಗೆ ಹೇಳಪ್ಪಾ" ಎನ್ನುತ್ತಾಳೆ ಅಜ್ಜಿ. ಮೊಮ್ಮಗ ಮರಾಠಿಯಲ್ಲಿ 'ಆಜೀಲಾ ಪಿತ್ತ ಝಾಲಂಯ' ಎನ್ನುತ್ತಾನೆ. ಪದ ಬದಲಾಗಿಲ್ಲ, ಅನುವಾದ ಸರಿಯಾಗಿದೆಯೆಂದೇ ಮೂವರೂ ಭಾವಿಸುತ್ತಾರೆ. ಆದರೆ ಅಜ್ಜಿಯ ಮನಸ್ಸಿನಲ್ಲಿದ್ದುದು ತಲೆಸುತ್ತು, ಬೆವರು ಮತ್ತು ಹೊಟ್ಟೆ ತೊಳಸುವಿಕೆ. ಮರಾಠಿ ಮಾತನಾಡುವ ವೈದ್ಯರ ಕಿವಿಗೆ ಬಿದ್ದುದು ಹೊಟ್ಟೆಯ ಹುಳಿ, ಇಲ್ಲವೇ ಮೈಮೇಲೆ ಏಳುವ ತುರಿಕೆಯ ದದ್ದು. ಅನುಭವಿ ವೈದ್ಯರು ನಾಡಿ ಹಿಡಿದು, ರಕ್ತದೊತ್ತಡ ಅಳೆದು, ಇನ್ನೂ ನಾಲ್ಕು ಪ್ರಶ್ನೆ ಕೇಳಿ ನಿಜಸ್ಥಿತಿಯನ್ನು ಕಂಡುಕೊಳ್ಳುತ್ತಾರೆಂಬುದು ದಿಟ. ಹೊರಗೆ ಮೂವತ್ತು ಜನ ಕಾಯುತ್ತಿರುವ ಸಂಜೆಯಲ್ಲಿ ಆ ನಾಲ್ಕು ಪ್ರಶ್ನೆಗಳಿಗೆ ಬಿಡುವು ಸಿಗುವುದೆಂದು ಮಾತ್ರ ಯಾರೂ ಭರವಸೆ ಕೊಡಲಾರರು.

ಪುಣೆಯಲ್ಲಿ ನೆಲೆಸಿರುವ ಕನ್ನಡಿಗನ ಮನೆಯಲ್ಲಿ ದೇಹಕ್ಕೆ ನಾಲ್ಕು ನಿಘಂಟುಗಳಿವೆ ಎನ್ನಬಹುದು. ವಿಜಯಪುರ, ಕಲಬುರ್ಗಿಗಳ ಕಡೆಯಿಂದ ದುಡಿಯಲು ಬಂದವರ ಮಾತು ಒಂದು ಬಗೆ. ಉಡುಪಿ, ಕುಂದಾಪುರಗಳಿಂದ ಬಂದು ಹೋಟೆಲು ನಡೆಸುವವರದು ಇನ್ನೊಂದು ಬಗೆ. ಅದರ ಮೇಲೆ ನೆರೆಹೊರೆಯ ಮರಾಠಿ, ಮಕ್ಕಳ ಪಠ್ಯಪುಸ್ತಕದ ಇಂಗ್ಲಿಷು, ಕೊನೆಗೆ ಆಸ್ಪತ್ರೆಯ ವರದಿಯಲ್ಲಿ ಮೆರೆಯುವ ಗ್ರೀಕ್ ಮತ್ತು ಲ್ಯಾಟಿನ್. ಈ ಭಾಷೆಗಳಲ್ಲಿ ಎಷ್ಟೋ ಪದಗಳು ಒಂದೇ ರೂಪದಲ್ಲಿದ್ದು ಬೇರೆ ಬೇರೆ ಅರ್ಥ ಕೊಡುತ್ತವೆ. ಅಪರಿಚಿತ ಪದಕ್ಕೆ ಯಾರೂ ಮೋಸಹೋಗುವುದಿಲ್ಲ, ಅರ್ಥವೇನೆಂದು ಕೇಳಿಬಿಡುತ್ತಾರೆ. ಪರಿಚಿತವೆಂದು ತೋರುವ ಪದವೇ ದಾರಿ ತಪ್ಪಿಸುತ್ತದೆ. ಮರಾಠಿಯವರು 'ಪಾಠ ದುಖತೇ' ಎಂದರೆ ಬೆನ್ನು ನೋಯುತ್ತಿದೆ ಎಂದರ್ಥ. 'ಮಾನ' ಎಂದರೆ ಕುತ್ತಿಗೆ. 'ಶೀರ್' ಎಂಬುದು ತಲೆಯಲ್ಲ, ರಕ್ತನಾಳ. ಕನ್ನಡದಲ್ಲಿ ಛಾತಿಯುಳ್ಳವನು ಧೈರ್ಯಶಾಲಿ. ಮರಾಠಿಯಲ್ಲಿ ಛಾತಿ ಎಲ್ಲರಿಗೂ ಉಂಟು, ಏಕೆಂದರೆ ಅದು ಎದೆ. 'ತಾಪ' ಎಂದರೆ ಅಲ್ಲಿ ಜ್ವರ. 'ದಾಹ' ಎಂಬುದು ಕನ್ನಡಿಗನಿಗೆ ಬಾಯಾರಿಕೆ, ಮರಾಠಿಯ ವೈದ್ಯಪದಗಳಲ್ಲಿ ಉರಿ ಮತ್ತು ಊತ. ಮರಾಠಿಯ 'ಕಾಳೀಜ' ಮಾಂಸದಂಗಡಿಯಲ್ಲಿ ಯಕೃತ್ತಾಗಿಯೂ ಕವಿತೆಯಲ್ಲಿ ಹೃದಯವಾಗಿಯೂ ಸಂಚರಿಸುತ್ತದೆ. ಇವುಗಳಲ್ಲಿ ಕೆಲವು ನಗೆಗೆ ವಸ್ತುವಾಗುತ್ತವೆ. ಎಲ್ಲವೂ ಹಾಗಲ್ಲವೆಂಬುದಕ್ಕೆ ಪಿತ್ತವೇ ಸಾಕ್ಷಿ.

ಶರೀರಶಾಸ್ತ್ರದ ದೃಷ್ಟಿಯಿಂದ ಪಿತ್ತವೆಂಬುದು ಹಸಿರು ಮಿಶ್ರಿತ ಹಳದಿ ಬಣ್ಣದ ಒಂದು ರಸ. ಹೊಟ್ಟೆಯ ಬಲಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಯಕೃತ್ತು ಇದೆ. ದೇಹದ ಒಳಾಂಗಗಳಲ್ಲಿ ಇದೇ ಅತ್ಯಂತ ದೊಡ್ಡದು. ಪಿತ್ತವನ್ನು ಉತ್ಪಾದಿಸುವ ಅಂಗವಾದುದರಿಂದ ಕನ್ನಡ ಪಠ್ಯಪುಸ್ತಕಗಳು ಇದನ್ನು ಪಿತ್ತಜನಕಾಂಗವೆಂದು ಕರೆದಿವೆ. ಹೆಸರು ಸಾರ್ಥಕವಾದರೂ ಅಪೂರ್ಣ. ರಕ್ತದಲ್ಲಿರುವ ಅನೇಕ ಪ್ರೋಟೀನುಗಳನ್ನು ತಯಾರಿಸುವುದು, ಸಕ್ಕರೆಯನ್ನು ಕೂಡಿಡುವುದು, ವಿಷವಸ್ತುಗಳನ್ನು ನಿರ್ವಿಷಗೊಳಿಸುವುದು ಮುಂತಾದ ಕೆಲಸಗಳೂ ಇದರವೇ. ದಿನವೊಂದಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಸ್ರವಿಸುವ ಪಿತ್ತರಸ ಪಿತ್ತಕೋಶದಲ್ಲಿ ಸಂಗ್ರಹವಾಗಿ, ಊಟವಾದ ಮೇಲೆ ಸಣ್ಣಕರುಳಿನ ಮೊದಲ ಭಾಗಕ್ಕೆ ಇಳಿದು, ಎಣ್ಣೆ ಬೆಣ್ಣೆಗಳ ಜೀರ್ಣಕ್ಕೆ ನೆರವಾಗುತ್ತದೆ. ಕರುಳಿನ ಆ ಭಾಗಕ್ಕೆ ವೈದ್ಯರು ಡುವೊಡಿನಂ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದು ಹನ್ನೆರಡನ್ನು ಸೂಚಿಸುವ ಪದ. ಹನ್ನೆರಡು ಬೆರಳಿನ ಅಗಲದಷ್ಟು ಉದ್ದವಿದೆಯೆಂದು ಹಿಂದಿನವರು ಅಳೆದಿಟ್ಟ ಹೆಸರು. ಊರಿನಲ್ಲಿ ಬಟ್ಟೆಯನ್ನು ಬೆರಳಿನಿಂದ ಅಳೆದ ಅಜ್ಜಿಗೆ ಇದರಲ್ಲಿ ವಿಶೇಷವೇನೂ ತೋರದು.

ಜಠರದಲ್ಲಿ ಸ್ರವಿಸುವ ಹುಳಿರಸವಾದರೋ ಬೇರೆಯೇ. ಅದು ಹೈಡ್ರೊಕ್ಲೋರಿಕ್ ಆಮ್ಲ. ಅದು ಮೇಲಕ್ಕೆ ಉಕ್ಕಿ ಅನ್ನನಾಳವನ್ನು ಸುಟ್ಟಾಗ ಎದೆಯುರಿ, ಹುಳಿತೇಗು ಉಂಟಾಗುತ್ತವೆ. ಮರಾಠಿಯಲ್ಲಿ ಇದಕ್ಕೆ ಪಿತ್ತವೆಂದು ಹೆಸರು. ಮೈಯೆಲ್ಲಾ ದದ್ದು ಎದ್ದು ತುರಿಸುವುದಕ್ಕೂ 'ಅಂಗಾವರ್ ಪಿತ್ತ ಉಠಲಂ' ಎನ್ನುವುದುಂಟು. ಕನ್ನಡದಲ್ಲಿ ಈ ದದ್ದಿಗೆ ಪಿತ್ತಗಂಧೆ ಎನ್ನುತ್ತಾರೆ. ಅದು ದೇಹಕ್ಕೆ ಒಗ್ಗದ ಯಾವುದೋ ವಸ್ತುವಿಗೆ ಚರ್ಮ ತೋರುವ ಪ್ರತಿಭಟನೆಯೇ ಹೊರತು ಯಕೃತ್ತಿನ ರಸಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು ಕನ್ನಡಿಗರು 'ಪಿತ್ತ ಕೆದರಿದೆ' ಎಂದಾಗ ತಲೆಸುತ್ತು, ಬವಳಿ, ಓಕರಿಕೆ, ಕಣ್ಣುಕತ್ತಲೆ, ಏನು ಬೇಕಾದರೂ ಆಗಿರಬಹುದು. ಆಯುರ್ವೇದದ ತ್ರಿದೋಷಗಳಲ್ಲಿ ಒಂದಾದ ಪಿತ್ತಕ್ಕೆ ಅದರದೇ ಆದ ಶಾಸ್ತ್ರೀಯ ಅರ್ಥವಿದೆ. ಹೀಗೆ ಒಂದು ಪದ ಐದು ಮನೆಗಳಲ್ಲಿ ವಾಸಿಸುತ್ತಿದೆ. ತಲೆಸುತ್ತಿಗೆ ರಕ್ತದೊತ್ತಡ ಕುಸಿದಿರುವುದು, ರಕ್ತದಲ್ಲಿ ಸಕ್ಕರೆ ಇಳಿದಿರುವುದು, ಒಳಗಿವಿಯ ತೊಂದರೆ, ಹೃದಯದ ಬಡಿತ ತಪ್ಪಿರುವುದು ಎಲ್ಲವೂ ಕಾರಣವಾಗಬಲ್ಲವು. ಪಿತ್ತವೆಂದು ಹೇಳಿದೊಡನೆ ಈ ಎಲ್ಲ ಕಾರಣಗಳೂ ಒಂದೇ ಮುಸುಕಿನೊಳಗೆ ಅಡಗುತ್ತವೆ.

ಪಿತ್ತ ನಿಜವಾಗಿ ಕೆಟ್ಟಿರುವಾಗ ಜನರು ಅದನ್ನು ಪಿತ್ತವೆನ್ನದೆ ಕಾಮಾಲೆ ಎನ್ನುವುದು ಒಂದು ವಿನೋದ. ರಕ್ತದ ಕೆಂಪುಕಣಗಳ ಆಯುಷ್ಯ ಸುಮಾರು 120 ದಿನ. ಹಳೆಯ ಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಯಕೃತ್ತು ಪಿತ್ತದ ಮೂಲಕ ಹೊರಹಾಕುತ್ತದೆ. ಕಣಗಳು ಅತಿಯಾಗಿ ಒಡೆದರೂ, ಯಕೃತ್ತು ಬಳಲಿದರೂ, ಪಿತ್ತನಾಳಕ್ಕೆ ಕಲ್ಲು ಅಡ್ಡಬಂದರೂ ಹಳದಿ ರಕ್ತದಲ್ಲೇ ಉಳಿದು ಕಣ್ಣಿನ ಬಿಳಿಭಾಗಕ್ಕೆ ಬಣ್ಣ ಹಚ್ಚುತ್ತದೆ. ಮರಾಠಿಯ 'ಕಾವೀಳ', ಕನ್ನಡದ ಕಾಮಾಲೆ, ಇಂಗ್ಲಿಷಿನ ಜಾಂಡಿಸ್, ಮೂರೂ ಸೂಚಿಸುವುದು ಆ ಬಣ್ಣವನ್ನು ಮಾತ್ರ. ಅದು ಕಾಯಿಲೆಯ ಲಕ್ಷಣ, ಕಾಯಿಲೆಯ ಹೆಸರಲ್ಲ. ವೈರಸ್ಸಿನಿಂದ ಬಂದ ಕಾಮಾಲೆಗಳಲ್ಲಿ ಹಲವು ತಾವಾಗಿಯೇ ಇಳಿಯುವುದರಿಂದ ಸೊಪ್ಪಿನ ಮದ್ದಿಗೆ ಕೀರ್ತಿ ದೊರೆಯುತ್ತದೆ. ಕಲ್ಲಿನಿಂದಲೋ ಗಂತಿಯಿಂದಲೋ ನಾಳ ಮುಚ್ಚಿದವನು ಅದೇ ಮದ್ದನ್ನು ನಂಬಿ ತಿಂಗಳು ಕಳೆದರೆ ಹೊಣೆ ಹೊರುವವರಿಲ್ಲ.

ಪಿತ್ತದಂತೆಯೇ ಬಹುರೂಪಿಯಾದ ಇನ್ನೊಂದು ಪದ 'ನರ'. ಕಾಲಿನಲ್ಲಿ ನೀಲಿಯಾಗಿ ನರ ಉಬ್ಬಿದೆ, ಸೊಂಟದಿಂದ ಹಿಮ್ಮಡಿಯವರೆಗೆ ನರ ಎಳೆಯುತ್ತಿದೆ, ಕತ್ತಿನ ನರ ಹಿಡಿದಿದೆ, ಸೂಜಿ ಚುಚ್ಚಲು ನರ ಸಿಗಲಿಲ್ಲ, ಇವೆಲ್ಲ ದಿನನಿತ್ಯ ಕೇಳುವ ಮಾತುಗಳು. ನಾಲ್ಕು ವಾಕ್ಯಗಳಲ್ಲಿ ಮೂರು ಬೇರೆ ಬೇರೆ ಅಂಗಗಳಿವೆ. ಉಬ್ಬಿದುದು ಹಾಗೂ ಸೂಜಿಗೆ ಸಿಗದಿದ್ದುದು ರಕ್ತನಾಳ. ಎಳೆಯುತ್ತಿರುವುದು ನಿಜವಾದ ನರ. ಬೆನ್ನುಹುರಿಯಿಂದ ಹೊರಟು ಕಾಲಿಗೆ ಇಳಿಯುವ ದಪ್ಪ ನರವನ್ನು ಬೆನ್ನೆಲುಬಿನ ನಡುವಣ ಮೆತ್ತೆ ಒತ್ತಿದಾಗ ಬರುವ ನೋವು ಅದು. ಹಿಡಿದಿರುವುದು ಬಹುಮಟ್ಟಿಗೆ ಸ್ನಾಯು. ಮರಾಠಿ, ಹಿಂದಿಗಳ 'ನಸ್' ಕೂಡ ಇದೇ ಗೊಂದಲವನ್ನು ಹೊತ್ತಿರುವುದರಿಂದ ಅನುವಾದದಲ್ಲಿ ಅದು ಕಳೆಯದೆ ಹಾಗೆಯೇ ದಾಟಿಹೋಗುತ್ತದೆ.

ನರಗಳು ಸುದ್ದಿಯ ತಂತಿಗಳು. ಅವುಗಳಲ್ಲಿ ರಕ್ತ ಹರಿಯುವುದಿಲ್ಲ. ಮಿದುಳಿನ ಆಜ್ಞೆಯನ್ನು ಸ್ನಾಯುಗಳಿಗೂ, ಚರ್ಮದ ಅನುಭವವನ್ನು ಮಿದುಳಿಗೂ ಅವು ಒಯ್ಯುತ್ತವೆ. ಜುಮುಗುಟ್ಟುವಿಕೆ, ಮರಗಟ್ಟುವಿಕೆ, ಬಲಗುಂದುವಿಕೆ ನರದ ದೂರುಗಳು. ರಕ್ತನಾಳಗಳು ನೀರಿನ ಕೊಳವೆಗಳಂತೆ. ವಯಸ್ಕನ ದೇಹದಲ್ಲಿರುವ ಸುಮಾರು ಐದು ಲೀಟರು ರಕ್ತವನ್ನು ಮುಷ್ಟಿಗಾತ್ರದ ಹೃದಯ ನಿಮಿಷಕ್ಕೆ ಎಪ್ಪತ್ತರಂತೆ, ದಿನಕ್ಕೆ ಒಂದು ಲಕ್ಷ ಸಲ ಬಡಿದು ಸುತ್ತಾಡಿಸುತ್ತದೆ. ಹೃದಯದಿಂದ ಹೊರಕ್ಕೆ ಒಯ್ಯುವ ನಾಳ ಅಪಧಮನಿ, ಹಿಂದಕ್ಕೆ ತರುವುದು ಅಭಿಧಮನಿ ಅಥವಾ ಸಿರೆ. ಒಂದೇ ಅಕ್ಷರದ ವ್ಯತ್ಯಾಸವುಳ್ಳ ಅಪಧಮನಿ, ಅಭಿಧಮನಿಗಳನ್ನು ಜೋಡಿಯಾಗಿ ರೂಪಿಸಿದವರು ವಿದ್ಯಾರ್ಥಿಗಳಿಗೆ ಉಪಕಾರ ಮಾಡಿದರೆಂದು ಹೇಳಲಾಗದು. ಮರಾಠಿಯ 'ರೋಹಿಣಿ' ಮತ್ತು 'ನೀಲಾ' ಎಂಬ ಜೋಡಿ ಕಿವಿಗೂ ಕಣ್ಣಿಗೂ ಹಿತವಾಗಿದೆ. ಹಿಂದೆ ಕೆಲವರು ಶುದ್ಧರಕ್ತನಾಳ, ಮಲಿನರಕ್ತನಾಳ ಎಂದು ಬರೆಯುತ್ತಿದ್ದರು. ಅದು ಇನ್ನೂ ತೊಡಕಿನದು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿ ಆಮ್ಲಜನಕ ಕಡಮೆಯಾದ ರಕ್ತವನ್ನೇ ಒಯ್ಯುತ್ತದೆ. ನಾಳದ ಹೆಸರನ್ನು ನಿರ್ಧರಿಸುವುದು ರಕ್ತ ಸಾಗುವ ದಿಕ್ಕು, ಅದರ ಬಣ್ಣವಲ್ಲ.

ಈ ಹೆಸರುಗಳ ಹಿಂದೆ ಒಂದು ಹಳೆಯ ತಪ್ಪೂ ಇದೆ. ಶವದ ಅಪಧಮನಿಗಳಲ್ಲಿ ರಕ್ತ ಕಾಣದಿದ್ದುದರಿಂದ ಅವು ಗಾಳಿಯ ಕೊಳವೆಗಳೆಂದು ಪ್ರಾಚೀನ ಗ್ರೀಕರು ನಂಬಿದ್ದರು. ಆರ್ಟರಿ ಎಂಬ ಪದ ಮೊದಲು ಶ್ವಾಸನಾಳಕ್ಕೂ ಸಲ್ಲುತ್ತಿತ್ತು. ಸಂಸ್ಕೃತದ ಧಮನಿ ಶಬ್ದದ ಮೂಲವೂ ಊದು ಎಂಬ ಅರ್ಥದ ಧಾತುವೇ, ಅಕ್ಕಸಾಲಿಗನ ಊದುಕೊಳವೆಯ ಬಂಧು. ರಕ್ತ ಚಕ್ರಾಕಾರವಾಗಿ ಪರಿಚಲಿಸುತ್ತದೆಂದು ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಮೇಲೆ ಗಾಳಿ ಹೋಯಿತು, ಹೆಸರು ಉಳಿಯಿತು. ಹಾಗೆ ಉಳಿದುಕೊಂಡ ಗಾಳಿ ಇಂದಿಗೂ ಮನೆಮಾತಿನಲ್ಲಿ ಜೀವಹಾನಿ ಮಾಡುತ್ತಿದೆ. ಪಾರ್ಶ್ವವಾಯು, ಮರಾಠಿಯ ಅರ್ಧಾಂಗವಾಯು, ಎರಡರಲ್ಲೂ ವಾಯುವಿದೆ. ಬಾಯಿ ಒಂದು ಕಡೆಗೆ ಸೊಟ್ಟಗಾದೊಡನೆ 'ಗಾಳಿ ಸೋಕಿದೆ' ಎಂದು ಎಣ್ಣೆ ತಿಕ್ಕುತ್ತಾ ಬೆಳಗಾಗುವವರೆಗೆ ಕಾಯುವವರಿದ್ದಾರೆ. ನಡೆದಿರುವುದು ಮಿದುಳಿನಲ್ಲಿ, ಅಲ್ಲಿನ ಅಪಧಮನಿಯೊಂದು ಕರಣೆಗಟ್ಟಿದ ರಕ್ತದಿಂದ ಮುಚ್ಚಿದೆ, ಇಲ್ಲವೇ ಒಡೆದಿದೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ದೇಹದ ಬಲಭಾಗ ಬೀಳುತ್ತದೆ, ಬಹುಮಂದಿಯಲ್ಲಿ ಮಾತೂ ಹೋಗುತ್ತದೆ. ಮುಚ್ಚಿದ ನಾಳದ ಕರಣೆಯನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆದುದರಿಂದ ಮುಖ ಸೊಟ್ಟಗಾಯಿತೆ, ಎತ್ತಿದ ಕೈ ಕೆಳಗೆ ಬೀಳುತ್ತದೆಯೆ, ಮಾತು ತೊದಲುತ್ತದೆಯೆ ಎಂಬ ಮೂರನ್ನು ನೋಡಿ, ಗಡಿಯಾರವನ್ನೂ ನೋಡಿಕೊಂಡು, ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು. ಆ ಸಂಖ್ಯೆ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಒಂದೇ.

'ಎದೆ' ಎಂಬ ಸೊಗಸಾದ ಕನ್ನಡ ಪದದ ತೊಂದರೆಯೂ ಇಂಥದೇ. ಅದು ಎದೆಗೂಡಿಗೂ ಹೃದಯಕ್ಕೂ ಸಮಾನವಾಗಿ ಸಲ್ಲುತ್ತದೆ. ಎದೆಯುರಿಯೆಂಬ ಜಠರದ ದೂರಿಗೆ ಎದೆಯ ಹೆಸರು. ಹೃದಯಾಘಾತದ ನೋವಿಗೆ ಮನೆಯಲ್ಲಿ ಕೊಡುವ ಹೆಸರು 'ಗ್ಯಾಸು'. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಕರೊನರಿ ಅಪಧಮನಿ ಮುಚ್ಚಿದಾಗ ನೋವು ಚುಚ್ಚಿದಂತಿರುವುದಕ್ಕಿಂತ ಎದೆಯ ನಡುವೆ ಕಲ್ಲು ಹೇರಿದಂತೆ, ಹಗ್ಗ ಬಿಗಿದಂತೆ ಇರುವುದೇ ಹೆಚ್ಚು. ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಿಯಬಹುದು. ತಣ್ಣನೆಯ ಬೆವರು, ಏದುಸಿರು, ಓಕರಿಕೆ ಜೊತೆಗೂಡಬಹುದು. ಸ್ತ್ರೀಯರಲ್ಲಿ, ವೃದ್ಧರಲ್ಲಿ, ಸಿಹಿಮೂತ್ರ ರೋಗಿಗಳಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಹೊಟ್ಟೆ ತೊಳಸುವಿಕೆ ಕಾಣಿಸಿಕೊಳ್ಳುವುದೂ ಉಂಟು. ಮೊದಲ ದೃಶ್ಯದ ಅಜ್ಜಿಯ 'ಪಿತ್ತ'ವನ್ನು ವಾಚಕರು ಈಗ ಮತ್ತೊಮ್ಮೆ ನೆನೆಯಬಹುದು.

ಇನ್ನು ವೈದ್ಯರ ಭಾಷೆ. ವರದಿಯಲ್ಲಿ ಕಾಣುವ ಉದ್ದನೆಯ ಪದಗಳು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟಿದವು. ಇಟ್ಟಿಗೆಗಳ ಸಂಖ್ಯೆ ದೊಡ್ಡದಲ್ಲ. ಗ್ರೀಕ್, ಲ್ಯಾಟಿನ್, ಸಂಸ್ಕೃತಗಳು ಒಂದೇ ಮೂಲದ ಭಾಷೆಗಳಾದುದರಿಂದ ಸಂಸ್ಕೃತ ಪದಗಳನ್ನು ಬಳಸಿ ಬಲ್ಲ ಕನ್ನಡಿಗನಿಗೆ ಅವುಗಳಲ್ಲಿ ಕೆಲವು ಹಳೆಯ ಪರಿಚಯದವೇ. ಮೂಳೆಗೆ ಗ್ರೀಕಿನ 'ಆಸ್ಟಿಯೊ' ಅಸ್ಥಿಯ ಸೋದರ. ಹಲ್ಲಿನ 'ಡೆಂಟ್' ದಂತ. ಮೂಗಿನ 'ನೇಸಲ್' ನಾಸಿಕ. 'ಹೈಪರ್' ಎಂಬುದು ಉಪರಿ, ಅಂದರೆ ಮೇಲೆ. 'ಹೈಪೊ' ಎಂಬುದು ಉಪ, ಅಂದರೆ ಕೆಳಗೆ. 'ಪೆರಿ' ಎಂಬುದು ಪರಿ, ಸುತ್ತ. ಹೃದಯದ ಸುತ್ತಲ ಪೊರೆ ಪೆರಿಕಾರ್ಡಿಯಂ. 'ಡಿಸ್' ಎಂಬುದು ದುಸ್. 'ಪೆಪ್ಸ್' ಎಂಬುದರಲ್ಲಿ ಪಚನದ ಧಾತುವಿದೆ. ಡಿಸ್ಪೆಪ್ಸಿಯ ಎಂದರೆ ಅಕ್ಷರಶಃ ದುಷ್ಪಚನ. ಅನಾರೋಗ್ಯದ 'ಅನ್' ಅನೀಮಿಯದಲ್ಲೂ ಇದೆ. ಉಳಿದ ಭಾಗ ರಕ್ತ. ಎಲ್ಲ ಪದಗಳಿಗೂ ಹೀಗೆ ನಂಟು ಹುಡುಕಹೊರಟರೆ ಹಾಸ್ಯಾಸ್ಪದವಾಗುತ್ತದೆ. ಮೂತ್ರಪಿಂಡದ 'ನೆಫ್ರೊ', ಕೀಲಿನ 'ಆರ್ಥ್ರೊ' ಮುಂತಾದವನ್ನು ಸುಮ್ಮನೆ ನೆನಪಿಡಬೇಕು.

ಪದದ ಕೊನೆಯ ತುಂಡು ಏನಾಗಿದೆಯೆಂಬುದನ್ನು ಹೇಳುತ್ತದೆ. 'ಐಟಿಸ್' ಬಂದರೆ ಆ ಅಂಗದ ಉರಿಯೂತ. ಹೆಪಟೈಟಿಸ್, ಆರ್ಥ್ರೈಟಿಸ್, ಟಾನ್ಸಿಲೈಟಿಸ್. ಊತ, ಕೆಂಪು, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಕ್ರಿಸ್ತಶಕದ ಮೊದಲ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಉರಿ ಮತ್ತು ಊತಗಳನ್ನು ಬೆಸೆದ ಕನ್ನಡ ಪದ ಅವನ ಅರ್ಧ ಪಾಠವನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ. ಕನ್ನಡದಲ್ಲಿ ಟಂಕಿಸಿದ ವೈದ್ಯಪದಗಳಲ್ಲಿ ಇದಕ್ಕಿಂತ ಒಳ್ಳೆಯದು ವಿರಳ. 'ಎಕ್ಟಮಿ' ಕತ್ತರಿಸಿ ತೆಗೆಯುವುದು, 'ಆಟಮಿ' ಕೊಯ್ದು ತೆರೆಯುವುದು, 'ಆಸ್ಟಮಿ' ಹೊಸ ಬಾಯಿ ಮಾಡುವುದು, 'ಸ್ಕೋಪಿ' ಒಳಗೆ ಇಣುಕಿ ನೋಡುವುದು. ಅಪ್ಪಣೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ಈ ನಾಲ್ಕರ ಅರ್ಥ ತಿಳಿದಿದ್ದರೆ ಒಳ್ಳೆಯದು.

ಇವೆಲ್ಲಕ್ಕಿಂತ ಮುಖ್ಯವಾದುದು ಹೈಪರ್ ಮತ್ತು ಹೈಪೊಗಳ ಭೇದ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿ, ಮರಾಠಿಯಲ್ಲಿ ಸ್ವಾದುಪಿಂಡ, ತನ್ನಲ್ಲಿ ಹರಡಿರುವ ದ್ವೀಪದಂಥ ಕಣಗುಂಪುಗಳಿಂದ ಒಂದು ರಸವನ್ನು ರಕ್ತಕ್ಕೆ ಸೇರಿಸುತ್ತದೆ. ದ್ವೀಪಕ್ಕೆ ಲ್ಯಾಟಿನ್ನಿನಲ್ಲಿ ಇನ್ಸುಲಾ, ಅದರಿಂದಲೇ ಇನ್ಸುಲಿನ್. ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಅದನ್ನು ಬೇರ್ಪಡಿಸಿದರು. ಅದರ ಕೊರತೆಯಿಂದ ಅಥವಾ ಅದು ಸರಿಯಾಗಿ ಕೆಲಸ ಮಾಡದಿರುವುದರಿಂದ ರಕ್ತದಲ್ಲಿ ಸಕ್ಕರೆ ಏರುವುದು ಹೈಪರ್‌ಗ್ಲೈಸೀಮಿಯ. ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಊಟ ತಪ್ಪಿಸಿದರೆ, ಉದಾಹರಣೆಗೆ ಏಕಾದಶಿಯ ದಿನ, ಸಕ್ಕರೆ ಇಳಿಯುತ್ತದೆ. ಒಂದು ಡೆಸಿಲೀಟರಿನಲ್ಲಿ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅದು ಹೈಪೊಗ್ಲೈಸೀಮಿಯ. ಮೊದಲನೆಯದು ಸಾಮಾನ್ಯವಾಗಿ ನಿಧಾನವಾಗಿ ಕೆಡಿಸುತ್ತದೆ. ಎರಡನೆಯದು ನಡುಕ, ಬೆವರು, ಎದೆಬಡಿತ, ಅಸಂಬದ್ಧ ಮಾತುಗಳಿಂದ ಆರಂಭವಾಗಿ ಗಂಟೆಯೊಳಗೆ ಎಚ್ಚರ ತಪ್ಪಿಸಬಲ್ಲದು. 'ಸಕ್ಕರೆ ಕಾಯಿಲೆಯವರು, ಸಕ್ಕರೆ ಕೊಡಬೇಡಿ' ಎಂದು ಮನೆಯವರು ತಡೆಯುವುದು ಆಗಲೇ. ಎಚ್ಚರವಿರುವವರಿಗೆ ತಕ್ಷಣ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹೆಸರಿಡುವಾಗ ಕಣ್ಣಿಗೆ ಕಂಡ ಹೋಲಿಕೆಯನ್ನು ಬಳಸುವುದು ಎಲ್ಲ ನಾಡಿನವರ ಸ್ವಭಾವ. ಚರ್ಮದ ಕೆಳಗೆ ಓಡಾಡಿದಂತೆ ತೋರುವ ಸ್ನಾಯುವಿನಲ್ಲಿ ಲ್ಯಾಟಿನರು ಚಿಕ್ಕ ಇಲಿಯನ್ನು ಕಂಡು 'ಮಸ್ಕ್ಯುಲಸ್' ಎಂದರು. ಮೂಷಿಕಕ್ಕೂ ಅದಕ್ಕೂ ಒಂದೇ ಮೂಲ. ಕಾಲಿನ ಹಿಂಭಾಗದ ದುಂಡನೆಯ ಸ್ನಾಯುವಿನಲ್ಲಿ ಕನ್ನಡಿಗ ಕಂಡದ್ದು ಮೀನು, ಆದುದರಿಂದ ಅದು ಮೀನಖಂಡ. ಕ್ಯಾನ್ಸರ್ ವಿಷಯದಲ್ಲಿ ಮಾತ್ರ ಎಲ್ಲರೂ ಒಂದನ್ನೇ ಕಂಡಿದ್ದಾರೆ. ಗ್ರೀಕರ ಕಾರ್ಕಿನೋಸ್, ಮರಾಠಿಯ ಕರ್ಕರೋಗ, ಕನ್ನಡದ ಏಡಿಗಂತಿ, ಎಲ್ಲವೂ ಏಡಿಯೇ.

ಪುಣೆಯ ಕನ್ನಡಿಗರು ಅಭಿಮಾನ ಮಿಶ್ರಿತ ದುಃಖದಿಂದ ನೆನೆಯಬೇಕಾದ ಹೆಸರು ಇನ್ನೊಂದಿದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳ ಜನ ತೀವ್ರ ಜ್ವರಕ್ಕೆ ತುತ್ತಾದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನಗಳ ಸಹಯೋಗದಿಂದ 1952ರಲ್ಲಿ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಲ್ಲಿಗೆ ಧಾವಿಸಿ, ಹೊಸದೊಂದು ವೈರಸ್ಸನ್ನು ಗುರುತಿಸಿದರು. ಆ ಕೇಂದ್ರವೇ 1978ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆ. ಹೀಗೆ ಮಲೆನಾಡಿನ ಒಂದು ಕಾಡಿನ ಹೆಸರು ಪುಣೆಯ ಪ್ರಯೋಗಾಲಯದ ಮೂಲಕ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು: ಕ್ಯಾಸನೂರು ಅರಣ್ಯ ರೋಗ. ಅದು ಯಾವ ಗುಂಪಿನದೆಂದು ಹೇಳುವಾಗ ಬಳಸುವ 'ಹೆಮರೇಜಿಕ್' ಎಂಬುದೂ ಇಟ್ಟಿಗೆ ಪದವೇ. 'ಹೆಮ' ರಕ್ತ, ಉಳಿದುದು ಚಿಮ್ಮುವಿಕೆ. ಮಲೆನಾಡಿನ ಜನ ಇಟ್ಟ ಹೆಸರು ಮಂಗನ ಕಾಯಿಲೆ. ಯಾವುದು ಉತ್ತಮ? ಗ್ರಂಥದ ಹೆಸರು ಊರನ್ನು ತಿಳಿಸುತ್ತದೆ. ಜನರ ಹೆಸರು ಎಚ್ಚರಿಕೆಯನ್ನೇ ಕೊಡುತ್ತದೆ: ಮಂಗ ಸತ್ತಿರುವಲ್ಲಿಗೆ ಹೋಗಬೇಡ. ಆದರೆ ಅದೂ ಪೂರ್ಣವಲ್ಲ. ರೋಗವನ್ನು ಮನುಷ್ಯನಿಗೆ ಅಂಟಿಸುವುದು ಕಾಡಿನ ಉಣುಗು, ಸತ್ತ ಮಂಗದ ಮೈಬಿಟ್ಟು ಸುತ್ತಲೂ ಹರಡುವ ಸಣ್ಣ ಜೀವಿ. ಹೆಸರು ತಪ್ಪು ದಾರಿಗೆ ಎಳೆದುದಕ್ಕೆ ಚಿಕುನ್‌ಗುನ್ಯ ಉದಾಹರಣೆ. 2006ರಲ್ಲಿ ಅದು ದಕ್ಷಿಣ ಭಾರತದಲ್ಲೆಲ್ಲಾ ಹಬ್ಬಿದಾಗ ಕೋಳಿಮಾಂಸ ಬಿಟ್ಟವರು ಅನೇಕರು. ಆಫ್ರಿಕದ ಮಾಕೊಂಡೆ ಭಾಷೆಯ ಆ ಪದಕ್ಕೆ ಬಾಗಿಸುವುದು ಎಂಬ ಅರ್ಥ. ಕೀಲುನೋವಿನಿಂದ ರೋಗಿ ಬಾಗಿ ನಡೆಯುವುದರ ಚಿತ್ರಣ. ಕೋಳಿ ನಿರಪರಾಧಿ, ಅಪರಾಧಿ ಸೊಳ್ಳೆ.

ವರದಿಗಳನ್ನು ಓದುವಾಗ ಇನ್ನು ಕೆಲವು ಮಾತುಗಳು ಅಕಾರಣ ಕಳವಳ ಹುಟ್ಟಿಸುತ್ತವೆ. 'ನೆಗೆಟಿವ್' ಎಂದರೆ ಹುಡುಕಿದ ರೋಗ ಸಿಗಲಿಲ್ಲವೆಂದರ್ಥ. ಮನೆಯವರು ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. 'ಬಯಾಪ್ಸಿ' ಎಂದರೆ ಅಂಗಾಂಶದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಷ್ಟೆ. ಅದನ್ನು ಹೇಳಿದ ಮಾತ್ರಕ್ಕೆ ಏಡಿಗಂತಿ ಖಚಿತವಾದಂತಲ್ಲ. 'ಟ್ಯೂಮರ್' ಎಂಬುದಕ್ಕೆ ಬರೀ ಊತವೆಂದೇ ಮೂಲಾರ್ಥ. ಅದರ ಪಕ್ಕದಲ್ಲಿ 'ಬಿನೈನ್' ಎಂದಿದ್ದರೆ ಸೌಮ್ಯ, 'ಮ್ಯಾಲಿಗ್ನೆಂಟ್' ಎಂದಿದ್ದರೆ ಮಾರಕ. ಔಷಧದ ಚೀಟಿಯಲ್ಲಿ ಬಿ.ಡಿ. ಎಂದರೆ ದಿನಕ್ಕೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಎಚ್.ಎಸ್. ಎಂದರೆ ಮಲಗುವಾಗ, ಎಸ್.ಓ.ಎಸ್. ಎಂದರೆ ಬೇಕೆನಿಸಿದಾಗ ಮಾತ್ರ. ಓ.ಡಿ. ಎಂದರೆ ದಿನಕ್ಕೊಮ್ಮೆ, ಕಣ್ಣಿನ ವೈದ್ಯರ ಚೀಟಿಯಲ್ಲಿ ಅದೇ ಓ.ಡಿ. ಬಲಗಣ್ಣು. ಸಂದೇಹ ಬಂದರೆ ಔಷಧದಂಗಡಿಯಲ್ಲೇ ಬಾಯಿಬಿಟ್ಟು ಕೇಳುವುದರಲ್ಲಿ ಅವಮಾನವೇನಿಲ್ಲ.

ಹಿರಿಯರನ್ನು ವೈದ್ಯರಲ್ಲಿಗೆ ಕಳುಹಿಸುವ ಮುನ್ನ ಮನೆಯವರು ಒಂದು ಕಾಗದವನ್ನು ಸಿದ್ಧಪಡಿಸಬಹುದು. ಅದರಲ್ಲಿ ರೋಗದ ಹೆಸರನ್ನು ಬರೆಯುವುದು ಬೇಡ. ಅದು ವೈದ್ಯರ ಕೆಲಸ. ಪಿತ್ತ, ವಾಯು, ಗ್ಯಾಸು, ನರ ಎಂಬ ನಾಲ್ಕು ಪದಗಳನ್ನು ಬಳಸದೆ ತೊಂದರೆಯನ್ನು ಹೇಳಲು ಅಜ್ಜಿಯನ್ನೇ ಕೇಳಿದರೆ, ಅವಳ ಕನ್ನಡ ತಾನಾಗಿಯೇ ಸ್ಪಷ್ಟವಾಗುತ್ತದೆ: ಎದ್ದು ನಿಂತಾಗ ಮನೆ ತಿರುಗಿದಂತಾಗುತ್ತದೆ, ನಿನ್ನೆ ನಸುಕಿನಲ್ಲಿ ಶುರುವಾಯಿತು, ಎರಡು ಸಲ ಮೈ ಒದ್ದೆಯಾಗುವಂತೆ ಬೆವರಿತು, ಎದೆಯ ಮೇಲೆ ಭಾರವಿತ್ತು, ಊಟ ಸೇರಲಿಲ್ಲ. ಎಲ್ಲಿ ಎಂಬುದನ್ನು ಬಾಯಿಂದ ಹೇಳುವುದಕ್ಕಿಂತ ಬೆರಳಿಟ್ಟು ತೋರಿಸುವುದು ಲೇಸು. ಒಂದೇ ಬೆರಳಿನಿಂದ ತೋರಿಸುತ್ತಾಳೋ, ಅಂಗೈಯಿಂದ ಎದೆಯನ್ನೆಲ್ಲ ಸವರುತ್ತಾಳೋ ಎಂಬುದೂ ವೈದ್ಯರಿಗೆ ಒಂದು ಸುಳಿವು. ಈ ವಾಕ್ಯಗಳನ್ನು ಮರಾಠಿಗೋ ಇಂಗ್ಲಿಷಿಗೋ ತಿರುಗಿಸುವುದು ಆರನೆಯ ತರಗತಿಯ ಹುಡುಗನಿಗೆ ಕಷ್ಟವಲ್ಲ. ಕಾಗದದ ಹಿಂಬದಿಯಲ್ಲಿ ಈಗ ನುಂಗುತ್ತಿರುವ ಮಾತ್ರೆಗಳ ಹೆಸರು, ಒಗ್ಗದ ಔಷಧಗಳ ಹೆಸರು, ಹಿಂದೆ ಆದ ಶಸ್ತ್ರಕ್ರಿಯೆ ಮತ್ತು ಅದರ ವರ್ಷ ಇರಲಿ. ಮಾತ್ರೆಯ ಹೆಸರು ಓದಲು ಬಾರದಿದ್ದರೆ ಖಾಲಿಯಾದ ಪಟ್ಟಿಯನ್ನೇ ಕಾಗದಕ್ಕೆ ಗುಂಡುಸೂಜಿಯಿಂದ ಚುಚ್ಚಿ ಕಳುಹಿಸಿದರಾಯಿತು.